ಅಯಸ್ಕಾಂತಕ್ಕೆ ಜಗ್ಗದ ಪುಡಿ

ಸತುವಿನ ಆಕ್ಸೈಡಿಗೆ ಅಯಸ್ಕಾಂತದ ಗೊಡವೆಯೇ ಇಲ್ಲ. ತನ್ನ ಪಾಡಿಗೆ ತಾನಿರುವ ಬಿಳಿ ಪುಡಿ ಅದು. ಆದರೆ ಅಕ್ಕ ಅದನ್ನು ನ್ಯಾನೋ ಕಣಗಳಾಗಿ ಮಾಡಿದಳೆಂದರೆ ಅಯಸ್ಕಾಂತಕ್ಕೆ ಒಲಿಯುತ್ತಿತ್ತು. ಪ್ರಯೋಗಾಲಯದ ಸಂಶೋಧಕರಲ್ಲಿ ಹಿರಿಯಳಾದ್ದರಿಂದ ಅವಳು ಎಲ್ಲರಿಗೂ ಅಕ್ಕ. "ಅಕ್ಕ ಮುಟ್ಟಿದ್ರೆ ಸುಣ್ಣಾನೂ ಅಯಸ್ಕಾಂತ ಆಗುತ್ತೆ" ಎಂದು ಹುಡುಗರು ರೇಗಿಸುತ್ತಿದ್ದರು. ಮಾರ್ಗದರ್ಶಕರಾದ ಮೇಷ್ಟ್ರಂತೂ "ಕೈಗುಣ ಕಣಮ್ಮ" ಎಂದು ಹೊಗಳಿ ಅಟ್ಟಕ್ಕೇರಿಸಿದ್ದರು. ಲೇಖನ ಅಚ್ಚಾಗಿತ್ತು. ಡಾಕ್ಟರೇಟಿನ ಪ್ರಬಂಧ ಮುಗಿಯುತ್ತ ಬಂದಿತ್ತು.

ಅದೇ ಕೆಲಸಕ್ಕೆ ಹೊಸದಾಗಿ ಸೇರಿದ ಕಿರಿಯಳ ಪಾಡು ಮಾತ್ರ ನಾಯಿಪಾಡು. ಸತುವಿನ ಲವಣದ ದ್ರಾವಣಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಟ್ಟು, ಕೆಳಗಿಳಿದ ಬಿಳಿ ಗಸಿಯನ್ನು ತೊಳೆದು, ಅದೇ ಕುಲುಮೆಯಲ್ಲಿ ಅದೇ ಐನೂರು ಡಿಗ್ರಿಯಲ್ಲಿ ಸುಟ್ಟರೂ ಅವಳ ಪುಡಿ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಹೀಗೇ ಆರು ತಿಂಗಳು. ಕೊನೆಗೆ ಮೇಷ್ಟ್ರಿಗೆ ತಾಳ್ಮೆ ತಪ್ಪಿತು. ಇದೊಂದು ಸಲ ಬರದಿದ್ದರೆ ಸಂಶೋಧನೆ ನಿನಗೆ ಹೇಳಿಸಿದ್ದಲ್ಲ ಎಂದು ಅವಳಿಗೆ ಹೇಳಿ, ಪಕ್ಕದಲ್ಲಿ ನಿಂತು ನೋಡಲು ಅಕ್ಕನನ್ನು ಕಳಿಸಿದರು.

ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ತಪ್ಪು ಹುಡುಕಲೆಂದೇ ಹೋದವಳಿಗೆ ಒಂದೂ ಸಿಗದೆ ಕಿರಿಕಿರಿಯಾಯಿತು. ಕುಲುಮೆಯಿಂದ ತೆಗೆದ ಪಿಂಗಾಣಿ ಬಟ್ಟಲಲ್ಲಿ ಪುಡಿ ಗಟ್ಟಿಯಾಗಿ ಹಿಡಿದಿತ್ತು. ಕಿರಿಯಳು ಅದನ್ನು ಪ್ಲಾಸ್ಟಿಕ್ ಚಮಚದಿಂದ ಮೆಲ್ಲಗೆ ಬಿಡಿಸತೊಡಗಿದಳು.

"ಸ್ಟೀಲ್ ಚಮಚ ಯಾಕೆ ತಗೊಳ್ಳಲ್ಲ?"

"ಪಿಂಗಾಣಿ ಮೇಲೆ ಅದು ಕರಕರ ಅಂದ್ರೆ ನಂಗೆ ಹಲ್ಲು ಜುಂ ಅನ್ನುತ್ತೆ ಅಕ್ಕ."

ನಾಲ್ಕು ವರ್ಷದಿಂದ ಅಕ್ಕ ಸ್ಟೀಲ್ ಚಮಚದಲ್ಲೇ ಕೆರೆಯುತ್ತಿದ್ದಳು.

ಮರುದಿನ ತನ್ನದೇ ಬಟ್ಟಲಿನ ಪುಡಿಯಲ್ಲಿ ಅರ್ಧವನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸಿದಳು. ಉಳಿದದ್ದನ್ನು ಎಂದಿನಂತೆ ಕೆರೆದಳು. ಕಾಂತಗುಣ ಅಳೆಯುವ ಯಂತ್ರದಲ್ಲಿಟ್ಟಾಗ ಕೆರೆದ ಪುಡಿ ಅಯಸ್ಕಾಂತದಂತೆಯೇ ವರ್ತಿಸಿತು, ಬಿಡಿಸಿದ್ದು ಅಲ್ಲಾಡಲಿಲ್ಲ. ಚಮಚದಿಂದ ಕಣ್ಣಿಗೆ ಕಾಣದಷ್ಟು ಸವೆದು ಪುಡಿಗೆ ಬೆರೆತ ಉಕ್ಕು ಇಷ್ಟು ದಿನ ಅವಳನ್ನು ದೊಡ್ಡ ಮನುಷ್ಯಳನ್ನಾಗಿ ಮಾಡಿತ್ತು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಅಕ್ಕ ತಂದ ಎರಡೂ ಅಳತೆಗಳ ಹಾಳೆಗಳನ್ನು ಮೇಷ್ಟ್ರು ಅಕ್ಕಪಕ್ಕ ಇಟ್ಟು ನೋಡಿದರು.

"ಲೇಖನ ವಾಪಸ್ ತಗೋಬೇಕಾಗುತ್ತೆ. ನಿನ್ನ ಪ್ರಬಂಧ ಮತ್ತೆ ಮೊದಲಿಂದ. ಗೊತ್ತು ತಾನೇ?"

"ಗೊತ್ತು ಸರ್."

"ಆ ಹುಡುಗೀಗೆ ನೀನೇ ಹೇಳು. ನನಗೆ ಮುಖ ಇಲ್ಲ."

ಆ ಸಲವೂ ಪುಡಿ ಜಗ್ಗದ್ದರಿಂದ ಕಿರಿಯಳು ಮೇಜಿನ ಖಾನೆ ಖಾಲಿ ಮಾಡುತ್ತಿದ್ದಳು. ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳು, ನಿನ್ನದೇ ಸರಿ, ನನ್ನದು ತಪ್ಪು ಎಂದಳು. ಹುಡುಗಿ ಕುಣಿದಾಡಬಹುದು, ಇಲ್ಲವೇ ಬೈಯಬಹುದು ಎಂದುಕೊಂಡಿದ್ದಳು. ಎರಡೂ ಆಗಲಿಲ್ಲ.

"ಆರು ತಿಂಗಳು ನಾನು ನಿಮ್ಮ ಮುಂದೇನೇ ಅಳ್ತಿದ್ದೆ. ಒಂದು ಸಲನಾದ್ರೂ ನಿಮ್ಮ ಪುಡೀಲೇ ಏನೋ ಇದೆ ಅನ್ನಿಸ್ಲಿಲ್ವಾ ಅಕ್ಕ?"

ಇಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು.

"ಅನ್ನಿಸಿತ್ತು" ಎಂದಳು ಅಕ್ಕ. "ನೀನು ಬಂದ ಮೊದಲನೇ ತಿಂಗಳಲ್ಲೇ."