ಕೆಂಪು ಗೆರೆಯ ಕೆಳಗಿನ ಹೆಸರು

ದಾ-ರಮ್ ಚಿತ್ರ ಬರೆಯಲು ಕೂತರೆ ಎಳೆಯುವುದಕ್ಕಿಂತ ಅಳಿಸುವುದೇ ಜಾಸ್ತಿ. ಅತ್ತೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆಂದು ಟ್ಯಾಬ್ಲೆಟ್ಟಿನಲ್ಲಿ ಶುರು ಮಾಡಿದವಳು ಮೊದಲು ಮುಖ ಅಳಿಸಿದಳು, ಆಮೇಲೆ ಕೈಕಾಲು. ಕೊನೆಗೆ ಉಳಿದದ್ದು ಒಂದೇ ಕೆಂಪು ಗೆರೆ. ಎದ್ದು, ಬಾಗಿ, ಇನ್ನೇನು ಬಿದ್ದೇಹೋಯಿತು ಅನ್ನುವಾಗ ಮತ್ತೆ ಮೇಲೇಳುವ ಗೆರೆ. ಜೊಂಜು ಪೇಟೆಯಲ್ಲಿ ಮೆಣಸಿನಪುಡಿ ಮಾರಿ ಸಂಸಾರ ತೂಗಿಸಿದ ಹೆಂಗಸಿಗೆ ಬೇರೆ ಬಣ್ಣ ಒಪ್ಪೀತೇ?

ಗೆರೆಯ ದಪ್ಪ, ತೆಳು ಸರಿಯಾಗಿ ಕಾಣಲೆಂದು ಪರದೆಯ ಬಣ್ಣವನ್ನೆಲ್ಲ ತೆಗೆದು ಬೂದುಬಣ್ಣದಲ್ಲೇ ಕೆಲಸ ಮಾಡುವುದು ಅವಳ ರೂಢಿ. ಹಾಗೇ ಕೆಳಗೆ ಅತ್ತೆಯ ಹೆಸರನ್ನೂ ಬರೆದು ಮುದ್ರಣಕ್ಕೆ ಕಳಿಸಿಬಿಟ್ಟಳು. ಪರದೆಯ ಕುಂಚದಲ್ಲಿ ಇನ್ನೂ ಗೆರೆಯ ಕೆಂಪೇ ಉಳಿದಿದೆ ಎಂಬ ಪರಿವೆಯೇ ಇರಲಿಲ್ಲ.

ಔತಣದ ದಿನ ಮುದ್ರಣದ ಅಂಗಡಿಯವರು ನೇರವಾಗಿ ಊಟದ ಕೋಣೆಗೇ ಬಂದು ಚಿತ್ರ ತೂಗುಹಾಕಿ ಹೋಗಿದ್ದರು. ಬಾಗಿಲಲ್ಲೇ ದಾ-ರಮ್‌ ನಿಂತುಬಿಟ್ಟಳು. 'ಬೊಂಗ್ ಮಾಕ್-ಸುನ್' ಎಂಬ ಹೆಸರು ಕೆಂಪಗೆ ಕೂತಿತ್ತು. ಕೆಂಪಿನಲ್ಲಿ ಬರೆಯುವುದು ಸತ್ತವರ ಹೆಸರನ್ನು. ಇದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಅದೂ ಹೃದಯದ ಆಪರೇಷನ್ ಮುಗಿಸಿ ಮೊನ್ನೆಯಷ್ಟೇ ಮನೆಗೆ ಬಂದ ಜೀವ! ಸೊಸೆಯೇ ಬರೆದಳಂತೆ ಎಂಬ ಪಿಸುಮಾತು ಆಗಲೇ ಮೇಜಿನಿಂದ ಮೇಜಿಗೆ ಹರಿದಿತ್ತು. ಇನ್ನು ಈ ಮನೆಯಲ್ಲಿ ತಲೆಯೆತ್ತಿ ಬಾಳಿದ ಹಾಗೇ ಎಂದುಕೊಂಡಳು. ಗಂಡ ಕ್ಯು-ಹಾ ಚಿತ್ರ ಇಳಿಸಲು ಕುರ್ಚಿ ಹತ್ತಿದ. ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದೇಬಿಟ್ಟರು.

"ಅತ್ತೆ, ಬಣ್ಣ ನೋಡದೆ ಬರ್ದುಬಿಟ್ಟೆ. ಬೇಕು ಅಂತ ಮಾಡಿದ್ದಲ್ಲ," ಎಂದಳು ದಾ-ರಮ್.

ಅತ್ತೆ ಚಿತ್ರವನ್ನೇ ದಿಟ್ಟಿಸುತ್ತಿದ್ದರು. "ಅಷ್ಟು ದಿನ ಕೂತು ಎಳ್ದಿದ್ದು ಇದೊಂದೇ ಗೆರೇನಾ?"

"ಹೂಂ."

"ನನ್ನ ಬೆನ್ನು ಥೇಟ್ ಹಿಂಗೇ ಇದೆ ಕಣೇ," ಎಂದರು ಅತ್ತೆ. ಆಮೇಲೆ ಮಗನತ್ತ ತಿರುಗಿ, "ನೀನು ಇಳಿ ಕೆಳಗೆ. ಹೆಸರು ಹಂಗೇ ಇರ್ಲಿ. ಆಸ್ಪತ್ರೆ ಬಾಗ್ಲಲ್ಲಿ ಯಮದೂತ ನಿಂತು ನೋಡ್ಕೊಂಡು ಹೋಗಿದಾನೆ. ಇನ್ನೊಂದ್ಸಲ ಬಂದ್ರೆ ಇದನ್ನ ನೋಡ್ಲಿ. ಈ ಮುದುಕೀನ ಆಗ್ಲೇ ಕರ್ಕೊಂಡು ಹೋಗಾಗಿದೆ ಅಂತ ಅವ್ನೇ ವಾಪಸ್ ಹೋಗ್ತಾನೆ," ಎಂದರು.

ಕೋಣೆಯೆಲ್ಲ ಗೊಳ್ಳೆಂದಿತು. ದಾ-ರಮ್‌ಗೆ ಹೋದ ಜೀವ ಬಂದಂತಾಗಿ, ಅಷ್ಟು ಜನರೆದುರು ನಾಚಿಕೆ ಬಿಟ್ಟು ಅತ್ತಳು. ಅತ್ತೆ ಅವಳ ತೋಳು ಹಿಡಿದು, ಚಿತ್ರದ ನೇರ ಕೆಳಗಿದ್ದ ಕುರ್ಚಿಯಲ್ಲೇ ಹೋಗಿ ಕೂತರು.