ಹಿಂದಿನ ಸೀಟಿನ ತೂಕ

ತಂಗಿ ಮೂರನೇ ಸಲ ಕಾರು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದಾಗ ನನಗೆ ತಲೆ ಚಿಟ್ಟು ಹಿಡಿಯಿತು. ಹಿಂಭಾಗ ಕುಸಿದಿದೆಯೆಂದು ಹಳೇ ಸ್ಪ್ರಿಂಗ್ ಕಿತ್ತು, ಏರಿಸಿ ಇಳಿಸಬಹುದಾದ ಸ್ಪ್ರಿಂಗು, ಚಕ್ರದ ಮುಖ ತಿದ್ದಲು ತಿರುಗಿಸಿದರೆ ಉದ್ದ ಹೆಚ್ಚುಕಮ್ಮಿಯಾಗುವ ಸರಳು ಹಾಕಿದವನು ನಾನೇ. ಮಾಡಿದ್ದುಣ್ಣೋ ಮಹರಾಯ. ಎರಡು ಸಲವೂ ಕಾರಿನ ಪಕ್ಕಕ್ಕೆ ದಾರ ಬಿಗಿದು, ಹಿಂದಿನ ಚಕ್ರಗಳನ್ನು ಕೂದಲೆಳೆಯಷ್ಟೂ ಡೊಂಕಿಲ್ಲದಂತೆ ಕೂರಿಸಿ ಕಳಿಸಿದ್ದೆ.

“ಮತ್ತೆ ಹಿಂದಿಂದ ಒಂದ್ಕಡೆಗೆ ಎಳೀತಿದೆ ಅಣ್ಣ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

ಅವಳು ನಗಲಿಲ್ಲ. ಅವಳ ಗಂಡನ, ಅಂದರೆ ನಮ್ಮ ಭಾವನ, ಕಿಡ್ನಿ ಕೈಕೊಟ್ಟಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಇವಳೇ ಕರೆದೊಯ್ಯುತ್ತಾಳೆ. ಬರುವಾಗ ಕಾರು ಸ್ವಲ್ಪ ಓಲಾಡಿದರೂ ಅವನಿಗೆ ವಾಂತಿ.

“ನಿನ್ನೆ ದಾರಿ ಮಧ್ಯೆ ಇಳಿಸು ಅಂದ್ರು. ಇನ್ಮೇಲೆ ಆಸ್ಪತ್ರೆಗೇ ಬರಲ್ಲ ಅಂತ ಹಠ. ಹೋಗ್ದಿದ್ರೆ ಏನಾಗುತ್ತೆ ಅಂತ ನಿಂಗೊತ್ತಲ್ಲ.”

ಗೊತ್ತಿತ್ತು. ಕಾರಿನಡಿ ನುಸುಳಿದೆ. ಸೊಂಟ ಬೇಡವೆಂದಿತು. ಕೆಳಗೆ ಎಲ್ಲ ಬಿಗಿಯಾಗಿಯೇ ಇತ್ತು. ಅಲ್ಲಿಂದಲೇ ಕೇಳಿದೆ, “ನಿನ್ನ ಗಂಡ ಎಲ್ಲಿ ಕೂರ್ತಾನೆ?”

“ಕೂರೋದೆಲ್ಲಿ ಬಂತು? ಹಿಂದೆ ಎಡಗಡೆ ಒರಗಿರ್ತಾರೆ.”

ಹಣೆ ಚಚ್ಚಿಕೊಳ್ಳಬೇಕೆನಿಸಿತು. ಎರಡು ಸಲವೂ ನಾನು ಅಳೆದದ್ದು ಖಾಲಿ ಕಾರನ್ನು. ಮೂಲೆಯಲ್ಲಿ ಒಂದಾಳು ಕೂತರೆ ಆ ಕಡೆ ತಗ್ಗುತ್ತದೆ, ತಗ್ಗಿದರೆ ಚಕ್ರದ ಮುಖ ತಿರುಗುತ್ತದೆ. ಇಷ್ಟು ವರ್ಷ ಗ್ಯಾರೇಜು ನಡೆಸಿದವನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಭಾವನ ಬದಲಿಗೆ ತೂಕಕ್ಕಿಡಲು ತಲಾ ಹತ್ತು ಕಿಲೋದ ಮರಳು ಚೀಲಗಳನ್ನು ಹೊತ್ತು ತಂದೆ. ನಮ್ಮ ಭಾವನೆಂದರೆ ಸಾಮಾನ್ಯನೇ? ಕೂತ ಕುರ್ಚಿ ಮುರಿದ ಆಸಾಮಿ. ಸೀಟಿನ ಎಡಕ್ಕೆ ಒಂಬತ್ತು ಚೀಲ ಪೇರಿಸಿ ಬೆವರೊರೆಸಿಕೊಂಡೆ.

ತಂಗಿ ಬಂದು ಒಂದು ಚೀಲ ಎಳೆದು ಕೆಳಗಿಟ್ಟಳು. ಆಮೇಲೆ ಇನ್ನೊಂದು. ಐದು ಉಳಿದಾಗ ನಿಲ್ಲಿಸಿದಳು.

“ಈಗ ಇಷ್ಟೇ ಇದಾರೆ ಅಣ್ಣ.”

ನಾನು ಸ್ಪ್ಯಾನರ್ ಎತ್ತಿಕೊಳ್ಳುವಷ್ಟರಲ್ಲಿ ಅವಳೇ ಒಂದು ಚೀಲವನ್ನು ಮತ್ತೆ ಮೇಲಿಟ್ಟಳು.

“ಇದೊಂದು ಇರ್ಲಿ. ಬೇರೆ ಕಿಡ್ನಿ ಸಿಕ್ಕಿದ್ಮೇಲೆ ಮೈ ತುಂಬ್ಕೋತಾರೆ.”

“ಹಾಗೆ ಮಾಡಿದ್ರೆ ಇವತ್ತೇ ಎಳೆಯುತ್ತೆ ಕಣೇ.” ಚೀಲ ಇಳಿಸಿದೆ. “ಮೈ ತುಂಬ್ಕೊಂಡ್ಮೇಲೆ ತಗೊಂಡ್ ಬಾ. ನೂರು ಸಲ ಬೇಕಾದ್ರೂ ತಿರುಗಿಸಿ ಕೊಡ್ತೀನಿ. ಈಗ ಹೋಗಿ ಸ್ಟೀರಿಂಗ್ ಮುಂದೆ ಕೂತ್ಕೋ, ನಿನ್ನ ತೂಕನೂ ಬೇಕು.”

ಕೂತು ಬಾಗಿಲು ಹಾಕಿಕೊಂಡಳು. ನಾನು ದಾರ ಬಿಗಿದು, ಚಕ್ರದ ಬಳಿ ಸ್ಕೇಲು ಹಿಡಿದು ಬಗ್ಗಿದೆ. ಕಾರು ಸಣ್ಣಗೆ ಅಲುಗುತ್ತಿತ್ತು. ಇಂಜಿನ್ ಆಫ್ ಆಗಿದೆಯಲ್ಲ ಎಂದುಕೊಂಡೆ, ಆಮೇಲೆ ತಿಳಿಯಿತು. ಅವಳು ಅಳು ನಿಲ್ಲಿಸುವ ತನಕ ಅಳತೆ ಸಿಗುವಂತಿರಲಿಲ್ಲ. ಸ್ಕೇಲು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತೆ.