ರಿವರ್ಸ್‌ನಲ್ಲಿ ಹಡಗು ಹತ್ತುವುದು

ನಮ್ಮ ದ್ವೀಪದಲ್ಲಿ ಗಂಡಸಿನ ಯೋಗ್ಯತೆ ತೀರ್ಮಾನವಾಗುವುದು ಚರ್ಚಿನಲ್ಲಲ್ಲ, ಹಡಗುಕಟ್ಟೆಯಲ್ಲಿ. ಅಥೆನ್ಸಿನ ಬಂದರು ಪಿರೇಯಸ್‌ಗೆ ಹೋಗುವ ಹಡಗು ಬಂದು ಹಿಂಬಾಗಿಲನ್ನು ಕಟ್ಟೆಯ ಮೇಲೆ ಹಾಸಿ ನಿಲ್ಲುತ್ತದೆ. ಕಾರುಗಳು ರಿವರ್ಸ್‌ನಲ್ಲೇ ಅದರ ಹೊಟ್ಟೆಯೊಳಗೆ ಹೋಗಬೇಕು. ಎದುರಿನ ಕಾಫಿ ಅಂಗಡಿಯ ಮುದುಕರಿಗೆ ಇದಕ್ಕಿಂತ ದೊಡ್ಡ ನಾಟಕ ಬೇಡ. ಒಂದೇ ಸಲಕ್ಕೆ ಹೋದವನಿಗೆ ಭೇಷ್ ಅನ್ನುತ್ತಾರೆ, ಎರಡು ಸಲ ತಿದ್ದಿಕೊಂಡವನನ್ನು ನೋಡಿ ಕೆಮ್ಮುತ್ತಾರೆ. ಸ್ಟಿಯರಿಂಗ್ ಹಿಂದೆ ಹೆಂಗಸು ಕಂಡರಂತೂ ಕುರ್ಚಿಗಳನ್ನೇ ಆ ಕಡೆಗೆ ತಿರುಗಿಸಿಕೊಳ್ಳುತ್ತಾರೆ, ಪಾಪ, ಬೇರೇನು ಕೆಲಸ ಅವರಿಗೆ!

ದ್ವೀಪದ ಬಸ್ಸು ಓಡಿಸಿಯೇ ತಲೆ ನೆರೆಸಿಕೊಂಡ ಸ್ಟ್ರಾಟಿಸ್ ಈ ವಿದ್ಯೆಯಲ್ಲಿ ಎಲ್ಲರಿಗೂ ಗುರು. ಹಿಂದೆ ತಿರುಗಿ ನೋಡುವುದು ಅವನ ಜಾಯಮಾನವಲ್ಲ. ಎರಡು ಕನ್ನಡಿ, ಒಂದು ಕೈ, ಬಾಯಲ್ಲಿ ಸಿಗರೇಟು, ಅಷ್ಟೇ. "ಹೆಂಗಸರಿಗೆ ಅಂದಾಜು ಅನ್ನೋದೇ ಇಲ್ಲ ಕಣ್ರೋ. ದೇವರು ಅದನ್ನ ಹಂಚೋವಾಗ ಅವರು ಹರಟೆ ಹೊಡೀತಾ ಕೂತಿದ್ರು" ಎನ್ನುವುದು ಅವನ ನಿತ್ಯದ ಪಾಠ. ಅವನ ಹೆಂಡತಿ ಇವಾಂಥಿಯಾಗೂ ಲೈಸೆನ್ಸ್ ಇತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಇದೇ ಕಟ್ಟೆಯಲ್ಲಿ ರಿವರ್ಸ್ ಹಾಕಿದಾಗ, ಕಾಫಿ ಅಂಗಡಿ ನಕ್ಕ ನಗೆಗೆ ಕ್ಲಚ್ಚಿನಿಂದ ಅವಳ ಕಾಲು ಜಾರಿ ಇಂಜಿನ್ ಆಫ್ ಆಗಿತ್ತು. ಸ್ಟ್ರಾಟಿಸ್ ಕಿಟಕಿಯೊಳಗೆ ಕೈ ಹಾಕಿ ಕೀ ಕಿತ್ತುಕೊಂಡಿದ್ದ. ಅಲ್ಲಿಂದಾಚೆಗೆ ಅವಳು ಕಾರು ಓಡಿಸಿದ್ದು ಅವನು ಮನೆಯಲ್ಲಿಲ್ಲದಾಗ ಮಾತ್ರ.

ಈ ವರ್ಷ ಈಸ್ಟರ್ ಮುಗಿದ ಮೇಲೆ ಸ್ಟ್ರಾಟಿಸ್‌ನ ಮಿದುಳಿನಲ್ಲಿ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿತು. ಕೈಕಾಲು ಗಟ್ಟಿಯಾಗೇ ಉಳಿದವು, ಮಾತೂ ಉಳಿಯಿತು. ಹೋದದ್ದು ಒಂದೇ: ಎಡಗಡೆಯ ನೋಟ. ತಟ್ಟೆಯ ಬಲಭಾಗದ ಮೀನು ತಿಂದು, "ಇಷ್ಟೇನಾ ಹಾಕಿರೋದು?" ಎಂದು ರೇಗುತ್ತಿದ್ದ. ಇವಾಂಥಿಯಾ ಸುಮ್ಮನೆ ತಟ್ಟೆ ತಿರುಗಿಸುತ್ತಿದ್ದಳು. ಕಾರು ಮುಟ್ಟಬಾರದು ಎಂದು ಅಥೆನ್ಸಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. "ಇದು ಊರಿಗೆ ಗೊತ್ತಾದರೆ ನಾನು ಬದುಕಿರೋದೇ ಸುಳ್ಳು" ಎಂದು ಅವನು ಹೆಂಡತಿಯಿಂದ ಆಣೆ ಹಾಕಿಸಿಕೊಂಡ. ಮಾರನೆಯ ದಿನವೇ ಕಾರು ತೆಗೆದ.

ಆವತ್ತಿನಿಂದ ಅವಳು ಪಕ್ಕದ ಸೀಟಿನ ಕೈದಿ. ಅವನು ಹೊರಟರೆ ಅವಳೂ ಹೊರಡಬೇಕು, ಒಲೆಯ ಮೇಲೆ ಏನೇ ಇರಲಿ. ಎಡಕ್ಕಿರುವ ಸ್ಟಿಯರಿಂಗಿನ ಹಿಂದೆ ಕೂತ ಅವನ ಭುಜದಾಚೆಗೆ ಕತ್ತು ಚಾಚಿ, ಎದುರಿಗೆ ಬರುವ ಲಾರಿ, ಕತ್ತೆ, ಗೋಡೆಗಳನ್ನೆಲ್ಲ ಅಳೆದು ಮೆಲ್ಲಗೆ ಹೇಳಬೇಕು: "ಬಲಕ್ಕೆ. ಇನ್ನೊಂದು ಚೂರು. ಸಾಕು." ಅಂದಾಜಿಲ್ಲದ ಹೆಂಗಸು ಊರಿನ ಒಂದೊಂದು ಓಣಿಯ ಅಗಲವನ್ನೂ ಗೇಣಿನ ಲೆಕ್ಕದಲ್ಲಿ ಕಲಿತಳು. "ನೋಡಿದ್ರಾ, ವಯಸ್ಸಾದಷ್ಟೂ ಹೆಂಡತಿ ಅಂಟ್ಕೊಂಡೇ ಇರ್ತಾಳೆ" ಎಂದು ಜನ ಛೇಡಿಸಿದರೆ ಅವನು ಮೀಸೆ ತಿರುವುತ್ತಿದ್ದ. ಅವಳಿಗೆ ರಾತ್ರಿ ನಿದ್ದೆಯಲ್ಲೂ ಗೋಡೆಗಳು ಎಡಗಡೆಯಿಂದಲೇ ಬರುತ್ತಿದ್ದವು.

ಆಗಸ್ಟ್‌ನಲ್ಲಿ ಪಿರೇಯಸ್‌ನಲ್ಲಿರುವ ಮೊಮ್ಮಗಳಿಗೆ ಜ್ಞಾನಸ್ನಾನ. ಹೋಗಲೇಬೇಕು.

"ಕಾರು ಇಲ್ಲೇ ಇರಲಿ ಸ್ಟ್ರಾಟಿಸ್, ನಡಕೊಂಡೇ ಹತ್ತೋಣ."

"ಎಣ್ಣೆ ಡಬ್ಬ, ಚೀಸು ಎಲ್ಲಾ ನಿಮ್ಮಪ್ಪ ಹೊತ್ಕೊಂಡು ಬರ್ತಾನಾ?"

ಹಡಗಿನ ನಿಯಮ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕಾರಿನಲ್ಲಿ ಡ್ರೈವರ್ ಒಬ್ಬನೇ ಇರಬೇಕು, ಮಿಕ್ಕವರು ಇಳಿದು ನಡೆದೇ ಒಳಗೆ ಹೋಗಬೇಕು. ಅದಕ್ಕೇ ಬೆಳಗ್ಗೆ ಮೊಣಕಾಲಿಗೆ ದಪ್ಪಗೆ ಬಟ್ಟೆ ಸುತ್ತಿಕೊಂಡಿದ್ದಳು. ಕಟ್ಟೆಯಲ್ಲಿ ಕಾರುಗಳನ್ನು ಒಳಗೆ ಕಳಿಸುವ ಖಲಾಸಿ ಪಾಂಡೆಲಿಸ್ ಬಂದು ಬಾಗಿಲು ತಟ್ಟಿದ.

"ಇಳಿ ಅಕ್ಕಾ."

"ಕಾಲು ಊರೋಕಾಗಲ್ಲಪ್ಪಾ. ಇವತ್ತೊಂದು ದಿನ ಹೀಗೇ ಕೂತಿರ್ತೀನಿ."

"ಕ್ಯಾಪ್ಟನ್ ನೋಡಿದರೆ ನನ್ನ ಕೆಲಸಾನೇ ಹೋಗುತ್ತೆ. ನನ್ನ ಕೈ ಹಿಡ್ಕೊಂಡು ಇಳಿ."

"ಇಳಿಯೇ ಮಾರಾಯ್ತಿ," ಎಂದ ಸ್ಟ್ರಾಟಿಸ್, ಕಾಫಿ ಅಂಗಡಿಗೆ ಕೇಳುವ ಹಾಗೆ. "ನೀನಿಲ್ಲದೆ ನಾನು ಹಡಗು ಹತ್ತೇ ಇಲ್ವಾ?"

ಅವಳು ಇಳಿದಳು. ಬಾಯಿ ಬಿಟ್ಟರೆ ಗಂಡ ಸತ್ತಂತೆ, ಬಿಡದಿದ್ದರೆ ಇನ್ಯಾರೋ ಸಾಯುತ್ತಾರೆ. ಅತ್ತ ದರಿ, ಇತ್ತ ಪುಲಿ. ಹಾಸಿದ ಹಿಂಬಾಗಿಲ ಒಂದು ಅಂಚಿನಲ್ಲಿ ಜನ ಗಂಟುಮೂಟೆ ಹೊತ್ತು ಸಾಲಾಗಿ ಒಳಗೆ ಹೋಗುತ್ತಿದ್ದರು, ಕಾರಿನ ಎಡಕ್ಕೆ. ಪಾಂಡೆಲಿಸ್ ಬಲಗಡೆ ನಿಂತು ಸೀಟಿ ಊದಿದ. ಕಾರು ಹಿಂದಕ್ಕೆ ಸರಿಯಿತು. ಮೊದಲು ನೇರವಾಗಿಯೇ ಬಂತು. ಆಮೇಲೆ ಮೆಲ್ಲಗೆ ಎಡಕ್ಕೆ ವಾಲತೊಡಗಿತು. ಅಲ್ಲೊಬ್ಬಳು ತಾಯಿ, ಸಿಕ್ಕಿಕೊಂಡಿದ್ದ ಮಗುವಿನ ತಳ್ಳುಗಾಡಿಯ ಚಕ್ರವನ್ನು ಬಗ್ಗಿ ಬಿಡಿಸುತ್ತಿದ್ದಳು.

ಇವಾಂಥಿಯಾ ಓಡಿದಳು. ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೆಲದ ಮೇಲೆ ಎಳೆದಾಡಿತು. ತಾಯಿಯನ್ನೂ ತಳ್ಳುಗಾಡಿಯನ್ನೂ ಒಳಕ್ಕೆ ನೂಕಿ, ಕಾರಿನ ಡಿಕ್ಕಿಗೆ ಎರಡು ಕೈಯಿಂದ ಬಡಿದಳು. ಅದು ಅವಳನ್ನು ಅಂಚಿನ ಕಂಬಿಗೆ ಒತ್ತಿ ನಿಂತಿತು. ಇನ್ನೊಂದು ಗೇಣು ಬಂದಿದ್ದರೆ ಸೊಂಟ ಮುರಿಯುತ್ತಿತ್ತು.

ಕಾರು ಚೂರು ಮುಂದಕ್ಕೆ ತೆಗೆದು ಸ್ಟ್ರಾಟಿಸ್ ಕೆಂಡಾಮಂಡಲವಾಗಿ ಇಳಿದ. "ಕಣ್ಣು ಕಾಣಲ್ವೇನೇ ನಿಂಗೆ? ಕಾರಿನ ಹಿಂದೆ ಬಂದು ನಿಲ್ತಾರಾ ಯಾರಾದ್ರೂ?"

"ಹೆಂಗಸ್ರು! ಕಾರು ಎಷ್ಟು ದೂರ ಇದೆ ಅನ್ನೋದೂ ತಿಳಿಯಲ್ಲ," ಎಂದು ಕಾಫಿ ಅಂಗಡಿಯಿಂದ ಎದ್ದು ಬಂದಿದ್ದ ಮುದುಕ ಯಾಕುಮಿಸ್ ತಲೆಯಾಡಿಸಿದ. ಆ ತಾಯಿಯೇ ಬಿಳಿಚಿದ ಮುಖದಲ್ಲಿ, "ನನ್ನ ತಪ್ಪು, ನಾನೇ ಅಡ್ಡ ನಿಂತಿದ್ದೆ," ಎಂದಳು.

ಇವಾಂಥಿಯಾ ಕಂಬಿ ಬಿಟ್ಟು ನೇರ ನಿಂತಳು. "ಅವನಿಗೆ ಎಡಗಡೆ ಕಾಣಲ್ಲ," ಎಂದಳು. "ಈಸ್ಟರ್‌ನಿಂದ ಕಾಣಲ್ಲ."

ಎಲ್ಲರೂ ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಆಮೇಲೆ ನಗು. "ಸ್ಟ್ರಾಟಿಸ್‌ಗಾ? ಗಂಡನ ಡ್ರೈವಿಂಗು ಯಾವ ಹೆಂಡತಿಗೆ ಸರಿ ಕಂಡಿದೆ ಹೇಳು!" ಎಂದ ಯಾಕುಮಿಸ್. ಸ್ಟ್ರಾಟಿಸ್ ಕೂಡ ನಕ್ಕ. ಆದರೆ ಅವನ ತುಟಿ ಅದುರುವುದು ಅವಳೊಬ್ಬಳಿಗೆ ಕಂಡಿತು.

ವಾದ ಮಾಡಿ ಪ್ರಯೋಜನವಿರಲಿಲ್ಲ. ಅವಳು ಚಪ್ಪಲಿ ಸದ್ದಾಗದಂತೆ ಅವನ ಬೆನ್ನ ಹಿಂದಿನಿಂದ ಸುತ್ತಿ ಬಂದು ಎಡಗಡೆ ನಿಂತಳು, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಎಲ್ಲರೂ ನೋಡುತ್ತಿದ್ದರು. ಪಾಂಡೆಲಿಸ್‌ಗೆ ಏನೋ ಹೊಳೆಯಿತು. ಸೀಟಿಯನ್ನು ಬಾಯಿಂದ ತೆಗೆದ.

"ಸ್ಟ್ರಾಟಿಸಣ್ಣಾ, ನಿನ್ನ ಹೆಂಡತಿ ಎಲ್ಲಿ?"

"ಎಲ್ಲಿ ಅಂದ್ರೆ?" ಅವನು ಎದುರಿಗೆ ನೋಡಿದ, ಬಲಕ್ಕೆ ನೋಡಿದ. "ಹೋದಳಲ್ಲ, ಅಳ್ತಾ ಒಳಗೆ ಹೋಗಿರ್ತಾಳೆ. ಹೋಗಲಿ ಬಿಡು."

ಯಾರೂ ನಗಲಿಲ್ಲ. ಆ ನಿಶ್ಶಬ್ದದಲ್ಲಿ ಸ್ಟ್ರಾಟಿಸ್‌ಗೆ ಎಲ್ಲವೂ ಅರ್ಥವಾಯಿತು. ಅವನು ಎಡಕ್ಕೆ ಕತ್ತು ತಿರುಗಿಸಲೇ ಇಲ್ಲ. ಕೀಯನ್ನು ಆ ಕಡೆಗೆ ಚಾಚಿ, ಗಾಳಿಯಲ್ಲಿ ಹಿಡಿದು ನಿಂತ.

"ಕೊಡಿಲ್ಲಿ, ನಾನು ಹಾಕ್ತೀನಿ," ಎಂದು ಯಾಕುಮಿಸ್ ಮುಂದೆ ಬಂದ. ಇವಾಂಥಿಯಾ ಅಷ್ಟರಲ್ಲಿ ತೆಗೆದುಕೊಂಡಾಗಿತ್ತು.

ಮೂರು ಸಲ ಹಿಂದೆ ಮುಂದೆ ಮಾಡಿದಳು. ಕಾಫಿ ಅಂಗಡಿಯಿಂದ ಒಂದು ಕೆಮ್ಮೂ ಬರಲಿಲ್ಲ. ಎರಡು ಲಾರಿಗಳ ಸಂದಿಯಲ್ಲಿ ಕಾರು ನಿಲ್ಲಿಸಿದಾಗ ಬಾಗಿಲು ಒಂದು ಗೇಣೂ ತೆರೆಯಲಿಲ್ಲ. ಡೀಸೆಲ್ ವಾಸನೆಯ ಆ ಕತ್ತಲಲ್ಲಿ ಮುಂದಿನ ಗಾಜಿನಾಚೆ ನೋಡಿದಳು. ಹೆಂಗಸರು ಮಕ್ಕಳ ಸಾಲಿನಲ್ಲಿ ಸ್ಟ್ರಾಟಿಸ್ ಕಂಬಿ ಹಿಡಿದು ನಡೆದು ಬರುತ್ತಿದ್ದ. ಗೆದ್ದೆ ಅಂತ ಅವಳಿಗೆ ಅನ್ನಿಸಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಪಾಂಡೆಲಿಸ್ ಡಿಕ್ಕಿಯ ಬಾಗಿಲೆತ್ತಿ, ಎಣ್ಣೆ ಡಬ್ಬಗಳನ್ನು ಸರಿಸಿ, ಹಿಂದಿನಿಂದ ಅವಳನ್ನು ಇಳಿಸಿಕೊಂಡ.

ಮೇಲೆ ಬೆಂಚಿನ ತುದಿಯಲ್ಲಿ ಅವನೊಬ್ಬನೇ ಕೂತಿದ್ದ. ಅವಳು ಹೋಗಿ ಅವನ ಎಡಗಡೆ ಕೂತಳು. ದ್ವೀಪ ಸಣ್ಣದಾಗುತ್ತಾ ಹೋಯಿತು.

"ಇವಾಂಥಿಯಾ, ಅಲ್ಲಿದ್ದೀಯಾ?"

"ಇದ್ದೀನಿ."

"ಈ ಕಡೆ ಬಾ. ಅಲ್ಲಿ ಕೂತರೆ ನೀನು ನಂಗೆ ಕಾಣಲ್ಲ."

ಇಷ್ಟು ತಿಂಗಳಲ್ಲಿ ಕಾಣಲ್ಲ ಎನ್ನುವ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಕಣ್ಣೊರೆಸಿಕೊಂಡಳು.

"ಗೊತ್ತು," ಎಂದಳು. "ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ."